ತವರ, ಸತು, ಗಾಳಿ... ಇಷ್ಟಿದ್ದರೆ ಸಾಕೇ?

ಬಿಸು ಕಳೆದು ಎರಡು ದಿನವಾಗಿತ್ತು. ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯೊಬ್ಬಳ ಅಪ್ಪ ಮನೆಗೆ ಬಂದರು. ಕೈಯಲ್ಲಿ ಒಂದು ಹಲಸಿನಹಣ್ಣು, ಮುಖದಲ್ಲಿ ಬೇಸರ. ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿದ ಮೇಲೆ ವಿಷಯಕ್ಕೆ ಬಂದರು.

“ಮಾಷ್ಟ್ರೇ, ಮಗಳಿಗೆ ನೀವೊಂದು ಮಾತು ಹೇಳ್ಬೇಕು. ಪಿಎಚ್.ಡಿ.ಗೆ ಸೇರಿ ನಾಲ್ಕನೇ ವರ್ಷ ನಡೀತಾ ಉಂಟು. ಎಂತ ಮಾಡ್ತಿ ಅಂತ ಕೇಳಿದ್ರೆ ಪೊರೆ ಬೆಳೆಸ್ತೇನೆ ಅಂತಾಳೆ. ಬೆಳೆದಿತ್ತಾ ಅಂತ ಕೇಳಿದ್ರೆ, ಬೆಳೆದಿದೆ ಆದ್ರೆ ಸರಿ ಆಗ್ಲಿಲ್ಲ ಅಂತಾಳೆ. ಸತು, ತವರ, ಗಾಳಿ, ಇಷ್ಟೇ ಸಾಮಾನಂತೆ. ಚಿನ್ನ ಅಲ್ಲ, ವಜ್ರ ಅಲ್ಲ. ಇಷ್ಟಕ್ಕೆ ನಾಲ್ಕು ವರ್ಷ ಬೇಕಾ? ಬಿಟ್ಟು ಬಂದು ಬಿ.ಎಡ್. ಮಾಡಿ ಪಿ.ಎಸ್.ಸಿ. ಬರೀಲಿ. ನೀವು ಹೇಳಿದ್ರೆ ಕೇಳಿಯಾಳು.”

ನಾನು ಟಿ.ಸಿ.ಎಚ್. ಮತ್ತು ಬಿ.ಎ. ಓದಿದವನು. ವಿಜ್ಞಾನ ನನಗೆ ಹತ್ತನೇ ತರಗತಿಗೇ ಮುಗಿದ ವಿಷಯ. ಪಿಎಚ್.ಡಿ. ಮಾಡುವವಳಿಗೆ ನಾನೆಂತ ಬುದ್ಧಿ ಹೇಳುವುದು? “ಮೊದಲು ಅವಳು ಮಾಡುವುದು ಎಂತದ್ದು ಅಂತ ನಾನು ತಿಳ್ಕೊಳ್ತೇನೆ, ಮತ್ತೆ ನೋಡುವ” ಎಂದೆ. ರಜೆಗೆ ಬಂದಿದ್ದ ಹುಡುಗಿ ಎರಡು ಸಂಜೆ ಶಾಲೆಯ ಜಗಲಿಯಲ್ಲಿ ಕೂತು ನನಗೆ ಪಾಠ ಮಾಡಿದಳು. ಒಂದು ಕಾಲದಲ್ಲಿ ಅದೇ ಜಗಲಿಯಲ್ಲಿ ನಾನು ಅವಳಿಂದ ಮಗ್ಗಿ ಬಾಯಿಪಾಠ ಹೇಳಿಸಿದ್ದೆ! ತಿಳಿದಷ್ಟನ್ನು ಇಲ್ಲಿ ಬರೆದು, ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ. ನಮ್ಮ ಶಾಲೆಗಳಲ್ಲಿ ಓದಿದ ಇನ್ನೂ ಹಲವು ಮಕ್ಕಳ ಮನೆಯಲ್ಲಿ ಇದೇ ಮಾತು ನಡೆಯುತ್ತಿರಬಹುದು.

ಮೊದಲು ಈ ಕೆಲಸ ಯಾಕೆ ಬೇಕು ಎಂಬುದು.

ನಮ್ಮ ಮನೆಗಳಲ್ಲಿ ಈಗ ಉರಿಯುವ ಬಿಳಿ ಎಲ್‌ಇಡಿ ಬಲ್ಬಿನೊಳಗೆ ಗ್ಯಾಲಿಯಂ ನೈಟ್ರೈಡ್ ಎಂಬ ಅರೆವಾಹಕದ ತೆಳುಪೊರೆ ಇರುತ್ತದೆ. ಗ್ಯಾಲಿಯಂ ಎಂಬ ಲೋಹ ಮತ್ತು ಗಾಳಿಯಲ್ಲಿರುವ ಸಾರಜನಕ ಸೇರಿ ಆದ ಹರಳು ಅದು. ಅದರಿಂದ ನೀಲಿ ಬೆಳಕು ಹೊರಡುತ್ತದೆ. ಮೇಲೆ ಹಳದಿ ರಾಸಾಯನಿಕ ಹಚ್ಚಿದಾಗ ಅದು ನಮಗೆ ಬಿಳಿಯಾಗಿ ಕಾಣುತ್ತದೆ. ಮೊಬೈಲಿನ ಸಣ್ಣ ಚಾರ್ಜರ್, ರೇಡಾರ್, 5ಜಿ ಗೋಪುರ, ಹೀಗೆ ಎಲ್ಲ ಕಡೆಯೂ ಈಗ ಅದೇ ವಸ್ತು.

ಆದರೆ ಗ್ಯಾಲಿಯಂಗೆ ತನ್ನದೇ ಗಣಿ ಎಂಬುದಿಲ್ಲ. ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆಯುವಾಗ ಅದು ಉಪ ಉತ್ಪನ್ನವಾಗಿ ಸಿಗುತ್ತದೆ. ಒಂದು ಟನ್ ಬಾಕ್ಸೈಟಿನಲ್ಲಿ ಸರಾಸರಿ 50 ಗ್ರಾಂ ಇದ್ದರೆ ಹೆಚ್ಚು. ತಮಾಷೆ ನೋಡಿ, ನಮ್ಮ ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲೂ ಬಾಕ್ಸೈಟ್ ಉಂಟು. ಕುಂಬಳೆಯ ಹತ್ತಿರ, ನೀಲೇಶ್ವರದ ಹತ್ತಿರ ಇರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಕಾಲಡಿಯಲ್ಲಿ ಇದ್ದದ್ದೆಲ್ಲ ಕೈಗೆ ಸಿಕ್ಕಿದ ಹಾಗಲ್ಲ ಅಷ್ಟೆ. ಜಗತ್ತಿನಲ್ಲಿ ವರ್ಷಕ್ಕೆ ಉತ್ಪಾದನೆಯಾಗುವ ಗ್ಯಾಲಿಯಂ ಕೆಲವು ನೂರು ಟನ್ ಮಾತ್ರ. ಅದರಲ್ಲಿ ಶೇಕಡಾ 98ರಷ್ಟು ಚೀನಾದ್ದು.

2023ರ ಆಗಸ್ಟಿನಲ್ಲಿ ಚೀನಾ ಗ್ಯಾಲಿಯಂ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. 2024ರ ಡಿಸೆಂಬರಿನಲ್ಲಿ ಅಮೆರಿಕಕ್ಕೆ ಕಳಿಸುವುದನ್ನೇ ನಿಷೇಧಿಸಿತು. 2025ರ ನವೆಂಬರಿನಲ್ಲಿ ಆ ನಿಷೇಧವನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. ಒಂದು ದೇಶ ನಲ್ಲಿ ತಿರುಗಿಸಿದರೆ ಉಳಿದವರ ಕೊಡ ಖಾಲಿ ಎಂದರೆ ಯಾರಿಗಾದರೂ ಚಿಂತೆ ಆಗಲೇಬೇಕು.

ಇಲ್ಲಿ ಸತು ಮತ್ತು ತವರ ಬರುತ್ತವೆ. ಸತು ಎಂದರೆ ನಮ್ಮ ಮಾಡಿನ ತಗಡಿಗೆ, ಬಕೆಟ್ಟಿಗೆ ಬಳಿಯುವುದು. ತವರ ಎಂದರೆ ಹಿಂದೆ ಊರೂರು ತಿರುಗಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದರಲ್ಲ, ಅದು. ಜಗತ್ತಿನ ಗಣಿಗಳಿಂದ ವರ್ಷಕ್ಕೆ ಸುಮಾರು ಒಂದು ಕಾಲು ಕೋಟಿ ಟನ್ ಸತು ಬರುತ್ತದೆ, ಸುಮಾರು 3 ಲಕ್ಷ ಟನ್ ತವರ ಬರುತ್ತದೆ. ಸತುವಿನ ಮಟ್ಟಿಗೆ ನಮ್ಮ ದೇಶಕ್ಕೆ ಹಳೆಯ ನಂಟೂ ಉಂಟು. ರಾಜಸ್ಥಾನದ ಉದಯಪುರದ ಹತ್ತಿರ ಜಾವರ್‌ನಲ್ಲಿ ನೂರಾರು ವರ್ಷಗಳ ಹಿಂದೆಯೇ ಮಣ್ಣಿನ ಮೂಸೆಗಳಲ್ಲಿ ಸತುವನ್ನು ಬಟ್ಟಿ ಇಳಿಸುತ್ತಿದ್ದರು.

ಇಲ್ಲಿ ಒಂದು ಪ್ರಾಮಾಣಿಕ ಮಾತು ಹೇಳಬೇಕು. ಪತ್ರಿಕೆಗಳು ಇವನ್ನು ‘ಭೂಮಿಯಲ್ಲಿ ಹೇರಳವಾಗಿರುವ ಧಾತುಗಳು’ ಎಂದು ಒಂದೇ ಉಸಿರಿನಲ್ಲಿ ಬರೆಯುತ್ತವೆ. ಸತುವಿಗೆ ಆ ಮಾತು ಸರಿ. ತವರ ಹಾಗಲ್ಲ. ಭೂಮಿಯ ಹೊರಪದರದ ಸರಾಸರಿ ಲೆಕ್ಕ ತೆಗೆದರೆ ಗ್ಯಾಲಿಯಂಗಿಂತ ತವರವೇ ಕಡಿಮೆ! ಆದರೆ ತವರ ಅದಿರಾಗಿ ಒಂದೆಡೆ ಸೇರಿಕೊಂಡಿರುತ್ತದೆ. ಗ್ಯಾಲಿಯಂ ಎಲ್ಲ ಕಡೆ ಹರಡಿಹೋಗಿದೆ. ಊರಿನ ಹಿತ್ತಿಲುಗಳಲ್ಲಿ ಒಂದೊಂದು ಇರುವ ಮರಕ್ಕೂ ತೋಟದಲ್ಲಿ ಸಾಲಾಗಿ ಇರುವ ಮರಕ್ಕೂ ಇರುವಷ್ಟು ವ್ಯತ್ಯಾಸ. ಹೇರಳ ಎಂದರೆ ಎಷ್ಟು ಇದೆ ಎನ್ನುವುದಲ್ಲ, ಎಷ್ಟು ಸುಲಭದಲ್ಲಿ ಕೊಯ್ಯಬಹುದು ಎನ್ನುವುದು.

ಸರಿ, ಸತು-ತವರ ಸೇರಿದರೆ ಗ್ಯಾಲಿಯಂ ಹೇಗಾದೀತು? ಇದನ್ನು ಹುಡುಗಿ ಜಗಲಿಯ ಮೇಲೆ ಗುಲಗಂಜಿ, ಹುಣಸೆಬೀಜ ಹರಡಿ ತೋರಿಸಿದಳು. ಗ್ಯಾಲಿಯಂ ಪರಮಾಣುವಿನ ಹೊರಸುತ್ತಿನಲ್ಲಿ 3 ಎಲೆಕ್ಟ್ರಾನು. ಸತುವಿಗೆ 2, ತವರಕ್ಕೆ 4. ಎರಡು ಗ್ಯಾಲಿಯಂ ಇದ್ದ ಜಾಗದಲ್ಲಿ ಒಂದು ಸತು, ಒಂದು ತವರ ಕೂರಿಸಿ, ಎರಡು ಮತ್ತು ನಾಲ್ಕು ಆರು. ಮೂರು ಮತ್ತು ಮೂರೂ ಆರೇ. ಒಟ್ಟು ಲೆಕ್ಕ ತಪ್ಪುವುದಿಲ್ಲ. ಹೀಗಾಗಿ ಸತು-ತವರ ನೈಟ್ರೈಡ್ ಎಂಬ ಹರಳು ಗ್ಯಾಲಿಯಂ ನೈಟ್ರೈಡಿನದೇ ಅಚ್ಚಿನಲ್ಲಿ ಬೆಳೆಯಬಲ್ಲದು. ಬೆಳಕನ್ನು ಚೆನ್ನಾಗಿ ಹೀರುವ ಗುಣವೂ ಅದಕ್ಕುಂಟು. ಸಿಲಿಕಾನಿನ ಸೌರಕೋಶಕ್ಕೆ ನೂರಕ್ಕೂ ಹೆಚ್ಚು ಮೈಕ್ರಾನ್ ದಪ್ಪದ ಬಿಲ್ಲೆ ಬಳಸುತ್ತಾರೆ. ಇಂಥ ವಸ್ತುವಾದರೆ ಒಂದೆರಡು ಮೈಕ್ರಾನ್ ದಪ್ಪದ ಪೊರೆ ಸಾಕು. ನಮ್ಮ ತಲೆಕೂದಲಿನ ದಪ್ಪವನ್ನು 50 ಪಾಲು ಮಾಡಿದರೆ ಒಂದು ಪಾಲು!

“ಹಾಗಾದರೆ ಎಂತದು ಕಷ್ಟ?” ಎಂದು ಕೇಳಿದೆ. ಅವಳು ನಕ್ಕಳು. “ಕಷ್ಟ ಸಾಮಾನಿನಲ್ಲಿ ಇಲ್ಲ ಮಾಷ್ಟ್ರೇ, ಕೂರಿಸುವುದರಲ್ಲಿ ಉಂಟು.”

ಮೊದಲ ಕಷ್ಟ ಗಾಳಿಯದ್ದೇ. ಗಾಳಿಯಲ್ಲಿ ಶೇಕಡಾ 78 ಸಾರಜನಕ, ಆದರೆ ಎರಡೆರಡು ಪರಮಾಣುಗಳು ಮೂರು ಕೈ ಹಿಡಿದು ಕೂತಿರುತ್ತವೆ. ಆಮ್ಲಜನಕದ ಜೋಡಿಯನ್ನು ಬಿಡಿಸಲು ಬೇಕಾದ ಶಕ್ತಿಯ ಸುಮಾರು ಎರಡು ಪಟ್ಟು ಇದಕ್ಕೆ ಬೇಕು. ಹಾಗಾಗಿಯೇ ಕಬ್ಬಿಣ ಗಾಳಿಯಲ್ಲಿಟ್ಟರೆ ಆಮ್ಲಜನಕ ಹಿಡಿದು ತುಕ್ಕಾಗುತ್ತದೆ, ನೈಟ್ರೈಡ್ ಆಗುವುದಿಲ್ಲ. ಚೆನ್ನಾಗಿ ಕಾಸಿ ಬಿಡಿಸೋಣವೇ ಎಂದರೆ, ಆ ಬಿಸಿಗೆ ಸತು ಆವಿಯಾಗಿ ಓಡುತ್ತದೆ, ಆದ ನೈಟ್ರೈಡೂ ಒಡೆಯುತ್ತದೆ. ಅದಕ್ಕೇ ವಿದ್ಯುತ್ತಿನಿಂದ ಸಾರಜನಕವನ್ನು ಪ್ಲಾಸ್ಮಾ ಮಾಡಿ, ಜೋಡಿ ಬಿಡಿಸಿ, ಬಿಡಿ ಪರಮಾಣುಗಳನ್ನು ಪೊರೆಯ ಮೇಲೆ ಹಾಯಿಸುತ್ತಾರೆ.

ಅವರು ಬಳಸುವ ವಿಧಾನಗಳಲ್ಲಿ ಎರಡು ಮುಖ್ಯ. ಒಂದರಲ್ಲಿ ಸತು, ತವರದ ಬಿಲ್ಲೆಗಳಿಗೆ ಆರ್ಗಾನ್ ಅಯಾನುಗಳು ಬಡಿಯುತ್ತವೆ. ಕೇರಂ ಆಟದಲ್ಲಿ ಸ್ಟ್ರೈಕರ್ ಬಡಿದಾಗ ಕಾಯಿ ಸಿಡಿಯುವ ಹಾಗೆ ಪರಮಾಣುಗಳು ಸಿಡಿದು ಎದುರಿನ ತಟ್ಟೆಯ ಮೇಲೆ ಕೂರುತ್ತವೆ. ಇದಕ್ಕೆ ಸ್ಪಟರಿಂಗ್ ಎನ್ನುತ್ತಾರೆ. ಇನ್ನೊಂದರಲ್ಲಿ ಲೋಹಗಳನ್ನು ಸಣ್ಣ ಮೂಸೆಗಳಲ್ಲಿ ಕಾಸಿ, ಅದರ ಆವಿಯನ್ನು ನೇರವಾಗಿ ಹರಳಿನ ತಟ್ಟೆಗೆ ಬಿಡುತ್ತಾರೆ. ಅದಕ್ಕೆ ಎಂ.ಬಿ.ಇ. ಎಂದು ಹೆಸರು. ಎಂ.ಬಿ.ಇ. ಪಾತ್ರೆಯೊಳಗಿನ ನಿರ್ವಾತ ಎಂಥದ್ದೆಂದರೆ, ಪೊರೆ ಬೆಳೆಸುವ ಮೊದಲು ಅಲ್ಲಿನ ಒತ್ತಡ ನಮ್ಮ ಹೊರಗಿನ ಗಾಳಿಯ ಒತ್ತಡದ ಲಕ್ಷ ಕೋಟಿಯಲ್ಲಿ ಒಂದು ಪಾಲಿಗೂ ಕಡಿಮೆ ಇರುತ್ತದೆ. ಅಲ್ಲಿ ಒಂದು ಗಂಟೆ ಕಾದರೆ ಬೆಳೆಯುವ ಪೊರೆ ಹೆಚ್ಚೆಂದರೆ ಒಂದು ಮೈಕ್ರಾನಿನ ಆಸುಪಾಸು.

ಎರಡನೇ ಕಷ್ಟ ಕೂರುವ ಕ್ರಮ. ಹೊಸ ಸತುವಿನ ಬಕೆಟ್ಟಿನ ಮೇಲೆ ಹೂವಿನಂಥ, ಪತ್ರೆಯಂಥ ಚಿತ್ತಾರ ನೋಡಿದ್ದೀರಲ್ಲ? ಅದು ಯಾರೂ ಬರೆದ ಚಿತ್ರವಲ್ಲ. ಕರಗಿದ ಸತು ಆರುವಾಗ ಅಲ್ಲಲ್ಲಿ ಹುಟ್ಟಿದ ಹರಳುಗಳು ಒಂದಕ್ಕೊಂದು ತಾಗಿ ನಿಂತ ಗುರುತು. ಒಂದೊಂದು ಹರಳು ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತದೆ. ಬಕೆಟ್ಟಿಗೆ ಅದರಿಂದ ಏನೂ ತೊಂದರೆ ಇಲ್ಲ. ಅರೆವಾಹಕಕ್ಕೆ ಮಾತ್ರ ಈ ಗಡಿಗಳೇ ಕಂಟಕ. ಎಲೆಕ್ಟ್ರಾನು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಇಡೀ ಪೊರೆ ಒಂದೇ ಹರಳಿನಂತೆ, ಒಂದೇ ಮುಖವಾಗಿ ಬೆಳೆಯಬೇಕಾದರೆ ಕೆಳಗಿರುವ ತಟ್ಟೆಯೂ ಹರಳೇ ಆಗಿರಬೇಕು, ಅದರ ಅಳತೆ ಇದಕ್ಕೆ ಹೊಂದಬೇಕು. ಗ್ಯಾಲಿಯಂ ನೈಟ್ರೈಡಿನ ಕೆಳಗಿಡುವ ನೀಲಮಣಿಯ ತಟ್ಟೆಗೂ ಅದಕ್ಕೂ ಅಳತೆಯಲ್ಲಿ ಸುಮಾರು ಶೇಕಡಾ 16ರ ವ್ಯತ್ಯಾಸ. ಸತು-ತವರ ನೈಟ್ರೈಡನ್ನು ಗ್ಯಾಲಿಯಂ ನೈಟ್ರೈಡಿನ ಮೇಲೆ ಬೆಳೆಸಿದರೂ ಶೇಕಡಾ 6ರಷ್ಟು ವ್ಯತ್ಯಾಸ ಉಳಿಯುತ್ತದೆ.

ಮೂರನೆಯದು ಲೆಕ್ಕದ ಕಷ್ಟ. ಪ್ರತಿ ಸಾರಜನಕದ ಸುತ್ತ ನಾಲ್ಕು ಲೋಹದ ಪರಮಾಣು. ಅದರಲ್ಲಿ ಎರಡು ಸತು, ಎರಡು ತವರ ಇದ್ದರೆ ಸರಿ. ಒಂದು ಕಡೆ ಮೂರು ತವರ, ಒಂದು ಸತು ಆಯಿತೋ, ಅಲ್ಲಿ ಲೆಕ್ಕ ಕೂಡುವುದಿಲ್ಲ. ಸತುವಿನ ಬೆಂಚಿನಲ್ಲಿ ತವರ ಕೂತರೆ ಎರಡು ಎಲೆಕ್ಟ್ರಾನು ಹೆಚ್ಚು. ಸಾರಜನಕದ ಜಾಗಕ್ಕೆ ಆಮ್ಲಜನಕ ನುಸುಳಿದರೆ ಒಂದು ಹೆಚ್ಚು. ಹೀಗೆ ಹೆಚ್ಚಾದ ಎಲೆಕ್ಟ್ರಾನುಗಳು ತುಂಬಿ, ಅರೆವಾಹಕವಾಗಬೇಕಾದ್ದು ಹೆಚ್ಚುಕಡಿಮೆ ಲೋಹದ ಹಾಗೆ ವರ್ತಿಸುತ್ತದೆ. ಕೂರುವ ಕ್ರಮ ಬದಲಾದ ಹಾಗೆ ಅದು ಹೀರುವ ಬೆಳಕೂ ಬದಲಾಗುತ್ತದೆ. ಶಿಸ್ತಾಗಿ ಕೂತರೆ ಒಂದು ಬಣ್ಣದವರೆಗೆ, ಕಲಸುಮೇಲೋಗರವಾದರೆ ಇನ್ನೊಂದು ಬಣ್ಣದವರೆಗೆ. ಇದು ಕಷ್ಟವೂ ಹೌದು, ಹಿಡಿತಕ್ಕೆ ಬಂದರೆ ಅನುಕೂಲವೂ ಹೌದು.

2010ರ ನಂತರದ ಮೂರ್ನಾಲ್ಕು ವರ್ಷಗಳಲ್ಲಿ ಅಮೆರಿಕದ ಕೆಲವು ತಂಡಗಳು ಈ ಹರಳನ್ನು ಮೊದಲು ಬೆಳೆಸಿದವು. ಕೊಲೊರಾಡೊದಲ್ಲಿ ಆಗ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ ಎಂದಿದ್ದ ಸಂಸ್ಥೆಯಲ್ಲಿ ಒಂದೇ ತಟ್ಟೆಯ ಒಂದು ತುದಿಯಲ್ಲಿ ಸತು ಹೆಚ್ಚು, ಇನ್ನೊಂದು ತುದಿಯಲ್ಲಿ ತವರ ಹೆಚ್ಚು ಇರುವಂತೆ ಪೊರೆ ಹಾಕಿ, ಯಾವ ಪಾಕ ಸರಿ ಎಂದು ಹುಡುಕಿದರು. ಸತು ಸ್ವಲ್ಪ ಹೆಚ್ಚಿಟ್ಟು, ಬೆಳೆಸುವಾಗ ಹೈಡ್ರೋಜನ್ ಸೇರಿಸಿ, ಮತ್ತೆ ಹದವಾಗಿ ಕಾಸಿದಾಗ ಹೆಚ್ಚುವರಿ ಎಲೆಕ್ಟ್ರಾನುಗಳು ಸಾವಿರ ಪಟ್ಟಿಗೂ ಕಡಿಮೆಯಾದವು. 2019ರಲ್ಲಿ ಅಮೆರಿಕದ ವಿಜ್ಞಾನಿಗಳು ಎರಡು ಲೋಹಗಳಿರುವ ನೈಟ್ರೈಡುಗಳ ಒಂದು ನಕ್ಷೆಯನ್ನೇ ಕಂಪ್ಯೂಟರಿನಲ್ಲಿ ಮಾಡಿದರು. ಇನ್ನೂ ಯಾರೂ ಬೆಳೆಸದ ನೂರಾರು ಸಾಧ್ಯತೆಗಳನ್ನು ತೋರಿಸಿ, ಅದರಲ್ಲಿ ಏಳನ್ನು ಬೆಳೆಸಿಯೂ ತೋರಿಸಿದರು. ಎಲ್ಲವೂ ಸತು ಅಥವಾ ಮೆಗ್ನೀಸಿಯಂ ಇರುವಂಥವು.

ಆದರೆ ಸೌರಕೋಶ? ಸತು-ತವರ ನೈಟ್ರೈಡಿನಿಂದ ಮಾಡಿದ್ದೆಂದು ಪ್ರಕಟವಾದ ಕೆಲವು ಕೋಶಗಳ ದಕ್ಷತೆ ಶೇಕಡಾ ಒಂದೆರಡರ ಆಸುಪಾಸಿನಲ್ಲೇ ನಿಂತಿದೆ. ಅಂಗಡಿಯಲ್ಲಿ ಸಿಗುವ ಸಿಲಿಕಾನ್ ಫಲಕ ಶೇಕಡಾ 20 ದಾಟಿದೆ. ಇದನ್ನು ಮುಚ್ಚಿಟ್ಟು ಬರೆದರೆ ನಾನು ಅವಳ ಅಪ್ಪನಿಗೆ ಮೋಸ ಮಾಡಿದ ಹಾಗೆ. “ಸಿಲಿಕಾನ್ ಮರಳಿನಿಂದಲೇ ಬರ್ತದೆ, ಅಗ್ಗವೂ ಆಗಿದೆ, ಮತ್ತೆ ಇದೆಲ್ಲ ಯಾಕೆ?” ಎಂದು ಕೇಳುವವರಲ್ಲಿಯೂ ನ್ಯಾಯ ಉಂಟು. ಆದರೆ ಸಿಲಿಕಾನ್ ನೀಲಿ ಬೆಳಕು ಕೊಡುವುದಿಲ್ಲ. ಒಂದೇ ವಸ್ತುವಿನಿಂದ ಎಲ್ಲ ಕೆಲಸ ಆಗುವುದಿಲ್ಲ. ಬೇರೆ ದಾರಿ ಹುಡುಕಬೇಕಾದ್ದು ಇದ್ದ ದಾರಿ ಮುಚ್ಚಿದ ಮೇಲಲ್ಲ, ಅದಕ್ಕೆ ಮೊದಲು.

ಇನ್ನು ನನ್ನ ಅಭಿಪ್ರಾಯಕ್ಕೆ ಬರುತ್ತೇನೆ.

ಸಾಮಾನು ಸಾಮಾನ್ಯವಾದ್ದು ಎಂಬ ಕಾರಣಕ್ಕೆ ಕೆಲಸವೂ ಸಾಮಾನ್ಯ ಎಂದು ನಾವು ತಿಳಿಯುತ್ತೇವೆ. ಅಕ್ಕಿ, ಉದ್ದು ಎಲ್ಲರ ಮನೆಯಲ್ಲೂ ಉಂಟು, ಆದರೆ ಎಲ್ಲರ ದೋಸೆಯೂ ಒಂದೇ ಥರ ಆಗುತ್ತದೆಯೇ? ದುಬಾರಿ ಧಾತುವಿನ ಬದಲು ಅಗ್ಗದ್ದನ್ನು ತಂದಾಗ ನಾವು ಉಳಿಸಿದ ಹಣಕ್ಕೆ ಬದಲಾಗಿ ಸಮಯ ಕೊಡಬೇಕಾಗುತ್ತದೆ. ಈ ಸಮಯವನ್ನು ಯಾರು ಕೊಡುತ್ತಾರೆ ಎಂಬುದೇ ಪ್ರಶ್ನೆ.

ಗ್ಯಾಲಿಯಂ ನೈಟ್ರೈಡಿನ ಕತೆಯನ್ನೇ ನೋಡಿ. ಅದರ ಮೊದಲ ಹರಳಿನ ಪೊರೆ ಅಮೆರಿಕದಲ್ಲಿ ಬೆಳೆದದ್ದು 1969ರಲ್ಲಿ. ಒಳ್ಳೆಯ ಪೊರೆ ಬರುವುದಿಲ್ಲವೆಂದು ಹೆಚ್ಚಿನವರು ಕೈಬಿಟ್ಟರು. ಜಪಾನಿನ ನಗೋಯಾದಲ್ಲಿ ಇಸಾಮು ಅಕಾಸಾಕಿ ಬಿಡಲಿಲ್ಲ. ಅವರ ವಿದ್ಯಾರ್ಥಿ ಹಿರೋಷಿ ಅಮಾನೊ ಸಾವಿರಕ್ಕೂ ಹೆಚ್ಚು ಸಲ ಬೆಳೆಸಿ ನೋಡಿದರೂ ಪೊರೆ ಒರಟೊರಟು. 1985ರಲ್ಲಿ ಒಂದು ದಿನ ಕುಲುಮೆ ಕೈಕೊಟ್ಟಿತು, ಬೇಕಾದಷ್ಟು ಬಿಸಿ ಏರಲೇ ಇಲ್ಲ. ಆ ಕಡಿಮೆ ಬಿಸಿಯಲ್ಲೇ ನೀಲಮಣಿಯ ಮೇಲೆ ಅಲ್ಯೂಮಿನಿಯಂ ನೈಟ್ರೈಡಿನ ಒಂದು ತೆಳುಪದರ ಹಾಸಿ, ಅದರ ಮೇಲೆ ಗ್ಯಾಲಿಯಂ ನೈಟ್ರೈಡ್ ಬೆಳೆಸಿದರು. ಪೊರೆ ಕನ್ನಡಿಯಂತೆ ನುಣುಪಾಗಿ ಬಂತು! ನೆಲ ಸಮ ಇಲ್ಲದಿದ್ದರೆ ಚಾಪೆ ಹಾಸಿ ಅದರ ಮೇಲೆ ಎಲೆ ಹಾಕುತ್ತೇವಲ್ಲ, ಹಾಗೆ.

1982ರಲ್ಲಿ ಆ ಪ್ರಯೋಗಾಲಯ ಸೇರಿದ ಅಮಾನೊ ಅವರಿಗೆ ಡಾಕ್ಟರೇಟ್ ಸಿಕ್ಕಿದ್ದು 1989ರಲ್ಲಿ. ಮುಂದೆ ಶುಜಿ ನಕಾಮುರಾ ನಿಚಿಯಾ ಕಂಪೆನಿಯಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ಮಾಡಿ ತೋರಿಸಿದ್ದು 1993ರ ಕೊನೆಗೆ. ಮೂವರಿಗೂ ನೊಬೆಲ್ ಬಂದದ್ದು 2014ರಲ್ಲಿ. 1969ರಿಂದ 1993ಕ್ಕೆ 24 ವರ್ಷ! ಸತು-ತವರದ ಪೊರೆಗೆ ಇನ್ನೂ ಹದಿನೈದು ವರ್ಷವೂ ಆಗಿಲ್ಲ. ಹದಿನೈದನೇ ವರ್ಷದಲ್ಲಿ ಲೆಕ್ಕ ಕೇಳಿದ್ದರೆ ಗ್ಯಾಲಿಯಂ ನೈಟ್ರೈಡೂ ನಪಾಸೇ.

ನಮ್ಮಲ್ಲಿಯೂ ನೈಟ್ರೈಡ್ ಬೆಳೆಸುವವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ಯಾಲಿಯಂ ನೈಟ್ರೈಡಿನ ಮೇಲೆ ದೊಡ್ಡ ಕೆಲಸ ನಡೆದಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಟೈಟಾನಿಯಂ, ಸ್ಕ್ಯಾಂಡಿಯಂ ನೈಟ್ರೈಡಿನ ಹರಳು ಪೊರೆಗಳನ್ನು ಬೆಳೆಸುತ್ತಾರೆ. ಅಂದರೆ ಕೈ ಪಳಗಿದೆ, ಬುದ್ಧಿಯೂ ಉಂಟು. ನಮ್ಮಲ್ಲಿ ಕಡಿಮೆ ಇರುವುದು ಕಾಯುವ ಏರ್ಪಾಡು. ಪಿಎಚ್.ಡಿ. ಫೆಲೋಶಿಪ್ ಸಾಮಾನ್ಯವಾಗಿ ಐದು ವರ್ಷಕ್ಕೆ ಮುಗಿಯುತ್ತದೆ. ನಮ್ಮ ಹುಡುಗಿ ಕೆಲಸ ಮಾಡುವಲ್ಲಿ ಒಂದು ಪಂಪು ಕೆಟ್ಟು, ಬಿಡಿಭಾಗ ಬರಲು ನಾಲ್ಕು ತಿಂಗಳು ಹಿಡಿಯಿತಂತೆ. ಅಷ್ಟು ದಿನ ಪಾತ್ರೆ ಬಾಗಿಲು ಮುಚ್ಚಿ ಕೂತಿತ್ತು. ಅವಳ ಫೆಲೋಶಿಪ್ಪಿನ ಗಡಿಯಾರ ಮಾತ್ರ ನಿಲ್ಲಲಿಲ್ಲ. ಯಂತ್ರ ಕೊಳ್ಳಲು ಕೋಟಿ ಕೊಡುವವರು ಅದರ ಪಂಪಿಗೆ, ಬಿಡಿಭಾಗಕ್ಕೆ, ನಿಂತುಹೋದ ತಿಂಗಳುಗಳಿಗೆ ಲೆಕ್ಕ ಇಡಬೇಡವೇ? ಹಾಗೆ ಹೋದ ಸಮಯವನ್ನು ಫೆಲೋಶಿಪ್ಪಿಗೆ ಕೂಡಿಸಿ ಕೊಡಬೇಕು ಎಂಬುದು ನನ್ನ ಮೊದಲ ಮಾತು.

ಎರಡನೆಯದು, ಸರಿ ಬಾರದ ಪೊರೆಗೂ ಬೆಲೆ ಇರಬೇಕು. ಅವಳ ನೋಟ್ ಪುಸ್ತಕದಲ್ಲಿ ಎಷ್ಟು ಬಿಸಿ, ಎಷ್ಟು ಸತು, ಎಷ್ಟು ಹೊತ್ತು, ಕೊನೆಗೆ ಏನಾಯಿತು ಎಂದು ಪ್ರತಿ ಪೊರೆಯದ್ದೂ ಬರೆದಿಟ್ಟಿದ್ದಾಳೆ. ಆಗದ್ದನ್ನು ಹೀಗೆ ಬರೆದಿಟ್ಟರೆ ಮುಂದಿನವರು ಅದೇ ಗುಂಡಿಗೆ ಬೀಳುವುದಿಲ್ಲ. ಆದರೆ ಪತ್ರಿಕೆಗಳು ಅಚ್ಚು ಹಾಕುವುದು ಹೆಚ್ಚಾಗಿ ಆದದ್ದನ್ನೇ. ನಾವು ಮೇಷ್ಟ್ರುಗಳೂ ಇದರಲ್ಲಿ ತಪ್ಪಿತಸ್ಥರೇ. ಪಟಿಕದ ಹರಳು ಬೆಳೆಸುವ ಪ್ರಯೋಗದಲ್ಲಿ ಯಾರ ನೂಲಿನಲ್ಲಿ ದೊಡ್ಡ ಹರಳು ಬಂತೋ ಅವರಿಗೆ ಚಪ್ಪಾಳೆ. ಪುಡಿಪುಡಿಯಾಗಿ ಬಂದವನಿಗೆ “ಅಲುಗಾಡಿಸಿದ್ಯಾ?” ಎಂದು ಗದರುತ್ತೇವೆ. ಯಾಕೆ ಹೀಗಾಯಿತು, ಬರೆದು ತಾ ಎಂದು ನಾನು ಇಷ್ಟು ವರ್ಷದಲ್ಲಿ ಒಬ್ಬನಿಗೂ ಹೇಳಿದ್ದಿಲ್ಲ. ಈ ಜೂನಿನಿಂದ ಹೇಳಬೇಕು ಅಂತಿದ್ದೇನೆ.

ಮೂರನೆಯದು ಮನೆಯವರಿಗೆ. ರಜೆ ಮುಗಿಯುವ ಮೊದಲು ಅವಳ ಅಪ್ಪನನ್ನು ಅವರ ತೋಟದಲ್ಲೇ ಕಂಡೆ. “ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾಯ್ತೀರಲ್ಲ ಮಾರಾಯ್ರೇ, ಇದಕ್ಕೂ ಒಂಚೂರು ಕಾಯಿರಿ” ಎಂದೆ. ಅವರು ತಟ್ಟನೆ, “ಅಡಿಕೆ ಆದ್ರೆ ಬರ್ತದೆ ಅಂತ ಗೊತ್ತುಂಟು ಮಾಷ್ಟ್ರೇ. ಇದು ಬರ್ತದಾ?” ಎಂದರು.

ನನ್ನಲ್ಲಿ ಉತ್ತರ ಇರಲಿಲ್ಲ. ಬರ್ತದೆ ಎಂದು ಹೇಳಿದರೆ ಅದು ಸುಳ್ಳು. ಆದರೆ ಒಂದು ಮಾತು ಹೇಳಿದೆ. “ಪೊರೆ ಬರ್ತದೋ ಇಲ್ವೋ ಗೊತ್ತಿಲ್ಲ. ಆದರೆ ನಿರ್ವಾತ ಹಿಡಿದಿಡುವುದು, ಪ್ಲಾಸ್ಮಾ ಹದ ಮಾಡುವುದು, ಹರಳಿನ ಗುಣ ಅಳೆಯುವುದು, ಇದೆಲ್ಲ ನಿಮ್ಮ ಮಗಳ ಕೈಗೆ ಬಂದಿದೆ. ದೇಶದಲ್ಲಿ ಚಿಪ್ಪು ಕಾರ್ಖಾನೆ ಬರ್ತದೆ ಅಂತ ಹೇಳ್ತಾರಲ್ಲ, ಅಲ್ಲಿಗೆ ಬೇಕಾದ್ದು ಇಂಥ ಕೈಗಳೇ. ಅವಳು ಕಲಿತದ್ದು ಹಾಳಾಗುವುದಿಲ್ಲ. ಪಿ.ಎಸ್.ಸಿ. ಎಲ್ಲಿಗೂ ಓಡಿಹೋಗುವುದಿಲ್ಲ, ಮತ್ತೆ ಬರೆಯಬಹುದು. ಈಗ ಬಿಟ್ಟು ಬಂದರೆ ಆ ಪಾತ್ರೆಯ ಎದುರು ಮತ್ತೆ ನಿಲ್ಲುವ ಅವಕಾಶ ಅವಳಿಗೆ ಸಿಗಲಿಕ್ಕಿಲ್ಲ.”

ಅವರು ಹೂಂ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಅವಳು ಮರುದಿನ ರೈಲು ಹತ್ತಿದಳು. ನಿಲ್ದಾಣಕ್ಕೆ ಬಿಡಲು ಅಪ್ಪನೇ ಹೋಗಿದ್ದರಂತೆ. ಚೀಲದಲ್ಲಿ ಹಲಸಿನ ಹಪ್ಪಳದ ಕಟ್ಟೂ ಇತ್ತಂತೆ. ಅದನ್ನೇ ಉತ್ತರ ಅಂತ ನಾನು ತಿಳಿದುಕೊಂಡಿದ್ದೇನೆ.

ನಿಮ್ಮ ಊರಿನಲ್ಲೂ ಇಂಥ ಮಕ್ಕಳಿದ್ದರೆ “ಎಂತ ಆಯ್ತು?” ಎಂದು ಕೇಳುವ ಮೊದಲು “ಎಂತ ಮಾಡ್ತಾ ಇದ್ದಿ?” ಎಂದು ಕೇಳಿ ನೋಡಿ. ಎರಡು ಸಂಜೆ ಸಾಕು, ನಮ್ಮಂಥವರಿಗೂ ಅರ್ಥವಾಗುವ ಹಾಗೆ ಹೇಳುತ್ತಾರೆ. ನಾನೇ ಅದಕ್ಕೆ ಸಾಕ್ಷಿ!